ಹೊಸ್ತಿಲಾಚೆ ನಿಂತ ಬ್ರೆಡ್ಡು

ಗಂಡ ತೀರಿಕೊಂಡ ಮೇಲೆ ಲೀಡ್ಸ್‌ನ ಈ ಮನೆಗೆ ಜನ ಎಂದು ಬರುತ್ತಿದ್ದವರು ನಮ್ಮ ಓದುಗರ ಬಳಗದವರೇ. ಹನ್ನೆರಡು ವರ್ಷದಿಂದ ತಿಂಗಳಿಗೊಂದು ಮಧ್ಯಾಹ್ನ. ದೇವರು ಕೊಟ್ಟ ಆ ಸಂಗವನ್ನು ಕಳೆದುಕೊಳ್ಳುವ ಆಸೆ ನನಗೆ ಎಳ್ಳಷ್ಟೂ ಇರಲಿಲ್ಲ.

ಆ ತಿಂಗಳ ಕಾದಂಬರಿ ಡ್ಯಾಫ್ನಿಯ ಆಯ್ಕೆ. ಬಳಗದ ಯಜಮಾನಿಕೆ ಅವಳದು. ಹಳೆಯ ಕಾಲದ ಆ ಪುಸ್ತಕದಲ್ಲಿ ಒಬ್ಬ ಯಹೂದಿ ಒಡವೆ ವ್ಯಾಪಾರಿ. ಪುಟಕ್ಕೆರಡು ಸಲ ಅವನ ಮೂಗು ಬಾಗುತ್ತದೆ. ನಡುವೆ ಬಿಡುವಾದಾಗ ಅವನು ಅಂಗೈ ಉಜ್ಜಿಕೊಳ್ಳುತ್ತಾನೆ.

"ಇಂಥ ಪೂರ್ವಗ್ರಹಗಳ ಬಗ್ಗೆ ಮನಸ್ಸು ಬಿಚ್ಚಿ ಮಾತಾಡ್ಬೇಕು ಬ್ಲೂಮಾ. ನಿಮ್ಮನೇಲೇ ಮಾತಾಡೋಣ," ಎಂದಿದ್ದಳು. ದಿನ ಗೊತ್ತುಮಾಡಿದವಳೂ ಅವಳೇ. ಅದು ನಮ್ಮ ಯಹೂದಿಗಳ ಪೆಸಖ್ ಹಬ್ಬದ ನಾಲ್ಕನೆಯ ದಿನ. ಬರಲಿ ಎಂದೆ.

ಹಬ್ಬದ ಎಂಟು ದಿನವೂ ನಮ್ಮ ಮನೆಯೊಳಗೆ ಹುಳಿ ಬಂದ ಹಿಟ್ಟಿನ ಒಂದು ಚೂರೂ, ಬ್ರೆಡ್ಡಿನ ಒಂದು ತುಣುಕೂ ಇರಕೂಡದು. ಮೂರು ವಾರ ಮಂಡಿಯೂರಿ ನೆಲ ಒರೆಸಿದ್ದೆ. ಸೋಫಾದ ಸಂದಿಗಳನ್ನು ಹಕ್ಕಿಯ ಗರಿಯಿಂದ ಗುಡಿಸಿದ್ದೆ.

ಬಾಗಿಲ ಗಂಟೆ ಸದ್ದಾಯಿತು. ಡ್ಯಾಫ್ನಿ, ಅವಳ ಹಿಂದೆ ಲೆನರ್ಡ್. ಅವಳ ಗಂಡ ರೂಪರ್ಟ್ ಕಾರು ನಿಲ್ಲಿಸುತ್ತಿದ್ದ. ಬಳಗದ ಲೆನರ್ಡ್ ನಮ್ಮವನೇ, ಯಹೂದಿ. ಅವನ ತಾಯಿ ಪ್ರಾರ್ಥನಾಲಯದಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ನಮ್ಮ ಮೇಲೆ ಯಾರು ನಗೆಚಟಾಕಿ ಹಾರಿಸಿದರೂ ಎಲ್ಲರಿಗಿಂತ ಮೊದಲು ನಗುವವನು ಇವನು. ಡ್ಯಾಫ್ನಿಯ ಕೈಯಲ್ಲಿ, ಜಡೆಯಂತೆ ಹೆಣೆದ, ಮೊಳದುದ್ದದ ಬ್ರೆಡ್ಡು.

"ನಿಮ್ಮ ಜನದ್ದೇ ಬ್ರೆಡ್ಡು! ಬೆಳಗ್ಗೆಯಿಂದ ನಾದಿದ್ದೀನಿ."

"ನಿಮ್ಮ ಕೈಗೆ ಪುಣ್ಯ ಬರ್ಲಿ," ಎಂದೆ. "ಈ ವಾರ ಇದು ಹೊಸ್ತಿಲು ದಾಟೋ ಹಾಗಿಲ್ಲ. ಕಾರಲ್ಲಿಟ್ಟು ಬನ್ನಿ, ಟೀ ಆರ್ತಾ ಇದೆ."

ಕಾರು ಇದ್ದದ್ದು ಇಪ್ಪತ್ತು ಹೆಜ್ಜೆ ದೂರದಲ್ಲಿ. ಪೂರ್ವಗ್ರಹವನ್ನು ಬೇರುಸಹಿತ ಕೀಳಲು ಬಂದ ಹೆಂಗಸಿಗೆ ಆ ಇಪ್ಪತ್ತು ಹೆಜ್ಜೆ ಬೆಟ್ಟವಾಯಿತು.

"ಒಂದು ಬ್ರೆಡ್ಡಿಗೆ ಇಷ್ಟು ರಾದ್ಧಾಂತವೇ? ಲೆನರ್ಡ್, ನಿಮಗೇನೂ ತೊಂದರೆ ಇಲ್ವಲ್ಲ?"

"ನಂಗಾ? ಅದೆಲ್ಲ ಅಜ್ಜಂದಿರ ಕಾಲದ್ದು!" ಲೆನರ್ಡ್ ತುದಿ ಮುರಿದು ಬಾಯಿಗೆ ಹಾಕಿಕೊಂಡ. ಚೂರುಗಳು ಕೋಟಿನ ಮೇಲೆ, ನನ್ನ ಮೆಟ್ಟಿಲ ಮೇಲೆ ಉದುರಿದವು.

"ನೋಡಿ, ಇವರು ಎಷ್ಟು ಸಲೀಸು! ಬೇಜಾರು ಮಾಡ್ಕೋಬೇಡಿ ಬ್ಲೂಮಾ, ನೀವುಗಳು ಯಾರ ಜೊತೆಗೂ ಬೆರೆಯಲ್ಲ. ಅದಕ್ಕೇ ಜನ ಹಾಗೆಲ್ಲ ಬರೀತಾರೆ."

ಆ ಕಾದಂಬರಿಕಾರ ಯಹೂದಿಯನ್ನು ಕಂಡೇ ಇರಲಿಲ್ಲ ಎಂದು ವಾದಿಸಲು ಎರಡು ಹಾಳೆ ಬರೆದಿಟ್ಟುಕೊಂಡಿದ್ದೆ. ಈಗ ತಿಳಿಯಿತು: ಹನ್ನೆರಡು ವರ್ಷ ನನ್ನ ಬಟ್ಟಲಲ್ಲಿ ಟೀ ಕುಡಿದವಳೂ ಕಂಡಿರಲಿಲ್ಲ.

"ಚರ್ಚೆ ಮುಗೀತಲ್ಲ ಡ್ಯಾಫ್ನಿ. ಹೊರಡಿ."

"ಮುಂದಿನ ತಿಂಗಳು ನಮ್ಮನೇಲಿ. ಅಷ್ಟೊತ್ತಿಗೆ ನಿಮ್ಮ ಸಿಟ್ಟು ಇಳಿದಿರತ್ತೆ."

"ಸಿಟ್ಟೇ ಬಂದಿಲ್ಲ. ನಾನು ಬರಲ್ಲ."

ಅವಳು ಬ್ರೆಡ್ಡನ್ನು ಕೂಸಿನಂತೆ ಎದೆಗವಚಿಕೊಂಡು ಹೋದಳು. ಲೆನರ್ಡ್ ಮೆಟ್ಟಿಲಲ್ಲೇ ಉಳಿದ.

"ಬ್ಲೂಮಾ ಆಂಟಿ… ನಾನು ಒಳಗೆ ಬರ್ಲಾ?"

"ಕೋಟು ಒದರ್ಕೊ. ಬಾಯಿ ತೊಳ್ಕೊ. ಆಮೇಲೆ ಬಾ. ನಿಮ್ಮಮ್ಮನ ಮುಖ ನೋಡಿ ಹೇಳ್ತಿದ್ದೀನಿ."

ಅವನ ಕೈ ಕೋಟಿನ ಮೇಲೆ ಹೋಯಿತು. ಅಷ್ಟರಲ್ಲಿ ರೂಪರ್ಟ್ ಹಾರ್ನ್ ಒತ್ತಿದ. ಅದು ಎರಡನೆಯ ಸಲ ಕೂಗುವಷ್ಟು ಹೊತ್ತೂ ಲೆನರ್ಡ್ ನಿಲ್ಲಲಿಲ್ಲ.

ಪೊರಕೆ ತಂದು ಮೆಟ್ಟಿಲ ಮೇಲಿನ ಚೂರುಗಳನ್ನು ಬೀದಿಯ ಕಡೆಗೆ ಗುಡಿಸಿದೆ.