ನಲವತ್ತು ಗುಂಟೆ

ಬಾಗಿ ಕಳಿಸಿದ ಫೋಟೊದಲ್ಲಿ ಗದ್ದೆ ಪೂರ್ತಿ ಮಲಗಿತ್ತು. ಊರು ಬಿಟ್ಟು ಬಂದು ಕೋಪರಖೈರಣೆಯಲ್ಲಿ ಇಟ್ಟ ತಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತು ಮೋಹನದಾಸರು ಅದನ್ನು ದೊಡ್ಡದು ಮಾಡಿ ನೋಡಿದರು. ಕೊಯ್ಲಿಗೆ ಹತ್ತೇ ದಿನ ಇರುವಾಗ ಬಂದ ಒಂದು ಮಳೆಗೆ ಎದೆಮಟ್ಟದ ಪೈರು ಕೆಸರು ಹಿಡಿದಿತ್ತು. ಪಕ್ಕದವರ ಗದ್ದೆ ಮಾತ್ರ ನೆಟ್ಟಗೆ ನಿಂತಿತ್ತು.

ಬಾಗಿ ಉಡುಪಿ ಕಡೆಯ ಅವರ ಊರಿನವಳು, ಓದು ಬಾರದವಳು. ಮಣ್ಣು ಪರೀಕ್ಷೆಯ ಚೀಟಿ ಬಂದಾಗ ಅದರ ಫೋಟೊ ಇವರಿಗೇ ಕಳಿಸಿದ್ದಳು. ಯಾರಾದರೂ ಸಲಹೆ ಕೇಳಿದರೆ ಸಾಕು, ಮೋಹನದಾಸರಿಗೆ ಎಲ್ಲಿಲ್ಲದ ಹಿಗ್ಗು. "ಗದ್ದೆ ಎಷ್ಟುಂಟು?" ಎಂದು ಕೇಳಿದ್ದರು. "ನಲ್ವತ್ತು" ಎಂದಿದ್ದಳು. ನಲವತ್ತು ಗುಂಟೆಗೆ ಒಂದು ಎಕರೆ. ಚೀಟಿಯಲ್ಲಿ ಎಕರೆಗೆ ಬರೆದಷ್ಟು ಯೂರಿಯಾವನ್ನು ಮೂರು ಸಲಕ್ಕೆ ಹಂಚಿ ಠೀವಿಯಿಂದ ಹೇಳಿಬಿಟ್ಟಿದ್ದರು.

"ಇಷ್ಟು ಬೇಕಾ ಮೋಹನಣ್ಣ? ನಾನು ಯಾವತ್ತೂ ಇಷ್ಟು ಹಾಕಿದ್ದಿಲ್ಲ."

"ಅದಕ್ಕೇ ನಿಂಗೆ ಬೆಳೆ ಬರುದಿಲ್ಲ. ಹೇಳಿದಷ್ಟು ಹಾಕು ಮಾರಾಯ್ತಿ."

ಅವಳು ಹಾಕಿದ್ದಳು. ಈ ಸಲ ಉಂಡು ಉಳಿದ ಭತ್ತ ಮಿಲ್ಲಿಗೆ ಕೊಟ್ಟು ಒಂದು ದನ ತರುತ್ತೇನೆಂದು ಊರಿಡೀ ಹೇಳಿಕೊಂಡೂ ಬಂದಿದ್ದಳು.

ಹೆಂಡತಿ ಜಯಲತಾ ಹೆಗಲ ಮೇಲಿಂದ ಬಗ್ಗಿ ನೋಡಿದರು. "ಇದು ಎಕರೆಯಾ? ನಮ್ಮೂರಲ್ಲಿ ಗುಂಟೆ ಲೆಕ್ಕ ಯಾರು ಹೇಳ್ತಾರೆ? ನಲ್ವತ್ತು ಅಂದ್ರೆ ಸೆಂಟ್ಸ್ ಅಲ್ವಾ?"

ಸೆಂಟ್ಸಾದರೆ ಎಕರೆಗೆ ನೂರು. ಇಲ್ಲಿ ಕಲ್ಯಾಣದ ಕಡೆ ಗುಂಟೆ ಲೆಕ್ಕದಲ್ಲಿ ಮಾರುವ ಪ್ಲಾಟು ನೋಡಿ ನೋಡಿ ಗುಂಟೆಯೇ ತಲೆಯಲ್ಲಿ ಕೂತಿದ್ದ ಮೋಹನದಾಸರ ಮುಖ ಕಪ್ಪಿಟ್ಟಿತು. ಬೇಕಾದ್ದಕ್ಕಿಂತ ಎರಡೂವರೆ ಪಟ್ಟು ಗೊಬ್ಬರ. ಅದಕ್ಕೇ ಪೈರು ಬರೀ ಎತ್ತರಕ್ಕೆ ಹೋಗಿ, ಬುಡ ಸೋತು ಬಿದ್ದದ್ದು. ಅವಳು ಕೇಳಿದ್ದಳು; ಇವರು ಬಾಯಿ ಮುಚ್ಚಿಸಿದ್ದರು.

ಫೋನು ಮಾಡಿದರೆ ಬಾಗಿಯೇ ಮೊದಲು ಮಾತಾಡಿದಳು.

"ನೀವು ಬೇಜಾರು ಮಾಡ್ಬೇಡಿ ಮೋಹನಣ್ಣ. ನೀವು ಹೇಳಿದ್ದು ಸರಿಯೇ. ನನ್ನ ಕೈಯೇ ಸರಿ ಇಲ್ಲ. ಗೊಬ್ಬರ ಬೀಸುವಾಗ ಒಂದೇ ಕಡೆ ಬಿದ್ದಿರ್ಬೇಕು. ಪ್ರಾಯ ಆಯ್ತಲ್ಲ."

ಹೂಂ ಎಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಅದು ನಾಲಗೆಯ ತುದಿಗೆ ಬಂದಿತ್ತು ಕೂಡ, ಅದಕ್ಕಾಗಿ ಅವರಿಗೆ ತಮ್ಮ ಮೇಲೇ ಹೇಸಿಗೆಯಾಯಿತು. ಜಯಲತಾ ಸೋಂಪಿನ ಬಟ್ಟಲು ತುಂಬಿಸುತ್ತಿದ್ದರು.

"ಬಾಗಿ, ತಪ್ಪು ನಂದು. ನಾನು ಗುಂಟೆ ಲೆಕ್ಕ ಹಿಡಿದೆ."

"ಗುಂಟೆ ಅಂದ್ರೆ ಎಂತ?"

ಹೇಳಿದರು. ನಷ್ಟ ತಾವೇ ತುಂಬಿಕೊಡುವುದಾಗಿಯೂ ಹೇಳಿದರು.

"ಹಾಗಾದ್ರೆ ನಾನು ಬೀಸಿದ್ದು ಸಮ ಇತ್ತು," ಎಂದಳು ಬಾಗಿ.

"ಸಮ ಇತ್ತು."

ಅವಳು ಫೋನು ಆರಿಸದೆ ಹಾಗೇ ಬದುವಿನ ಮೇಲೆ ಇಟ್ಟಳೋ ಏನೋ, ಒದ್ದೆ ಪೈರಿಗೆ ಕತ್ತಿ ತಾಗುವ ಸದ್ದು ಕೇಳತೊಡಗಿತು. ಇತ್ತ ಗಿರಾಕಿಯೊಬ್ಬ ಬಿಲ್ಲು ಹಿಡಿದು ಕಾಯುತ್ತಿದ್ದ. ಮೋಹನದಾಸರು ಫೋನನ್ನು ಕಿವಿಯಿಂದ ತೆಗೆಯಲಿಲ್ಲ.