ಗ್ರಂಥಕರ್ತರ ಚಿತ್ರಗಳು

ಕರೀಮನಿಗೆ ಚಿತ್ರ ಬರೆಯುವುದನ್ನು ಕೂತು ಕಲಿಸಿದವರು ಯಾರೂ ಇಲ್ಲ. ಅವನ ತಂದೆ ಅಬ್ದುಲ್ ರಜಾಕ್ ಸಾಹೇಬರು ಶಿರಸಿ–ಯಲ್ಲಾಪುರದ ನಡುವೆ ಸರ್ವಿಸ್ ಮೋಟಾರು ಓಡಿಸುತ್ತಿದ್ದರು. ಆ ಮೋಟಾರಿನ ಹಣೆಯ ಮೇಲೆ ಊರ ಹೆಸರುಗಳನ್ನು ಕನ್ನಡ, ಉರ್ದು, ಇಂಗ್ಲಿಷ್ ಮೂರರಲ್ಲೂ ಬರೆದವನು ಹನ್ನೆರಡು ವರ್ಷದ ಕರೀಂ. ಹೈಸ್ಕೂಲಿನಲ್ಲಿ ಸರಕಾರದ ಡ್ರಾಯಿಂಗ್ ಪರೀಕ್ಷೆ ಎರಡನ್ನೂ ಮುಗಿಸಿದ. ಮ್ಯಾಟ್ರಿಕ್ ಆದ ಮೇಲೆ ಮುಂದೇನು ಎಂಬ ಮಾತು ಬಂದಾಗ, ಶಿರಸಿ ಕಡೆಯ ಮನ್ಮನೆ ಹಳ್ಳಿಯ ಕಮಲಾಕರ ಹೆಗಡೆಯವರು ಪುಣೆಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರರಾಗಿದ್ದಾರೆ ಎಂಬುದು ರಜಾಕ್ ಸಾಹೇಬರಿಗೆ ನೆನಪಾಯಿತು. ರಜೆಗೆ ಊರಿಗೆ ಬರುವಾಗ ಹೆಗಡೆಯವರು ಯಲ್ಲಾಪುರದಿಂದ ಅವರ ಮೋಟಾರಿನಲ್ಲೇ, ಡ್ರೈವರನ ಪಕ್ಕದ ಸೀಟಿನಲ್ಲಿ ಕೂತು ಬರುತ್ತಿದ್ದರು.

"ಕಳಿಸಿ ಸಾಹೇಬ್ರೇ, ನಮ್ಮೂರ ಹುಡುಗ. ನಾನಿದ್ದೇನೆ," ಎಂದರು ಹೆಗಡೆಯವರು.

ಹೀಗೆ ಕರೀಂ ೧೯೩೨ರಲ್ಲಿ ಪುಣೆಗೆ ಹೋದ. ಎರಡನೆಯ ವರ್ಷದಲ್ಲಿ ಒಂದು ದಿನ ಹೆಗಡೆಯವರು ಅವನ ಪ್ರಯೋಗದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿ ಹಾಕಿದರು. ಆಮೇಲೆ ಪ್ರಯೋಗಶಾಲೆಯ ಹಿಂದಿನ ಕೋಣೆಯ ಬೀಗದ ಕೈಯನ್ನು ಅವನ ಮುಂದಿಟ್ಟರು.

"ನನ್ನ ಪಾಠಕ್ಕೆ ಚಾರ್ಟು ಬೇಕು. ವಿಲಾಯತಿಯಿಂದ ತರಿಸಿದವು ಹಳೆಯವಾಗಿವೆ. ಅದರಲ್ಲಿ ಇರುವುದು ನಮ್ಮ ಗಿಡಗಳೂ ಅಲ್ಲ. ನೀನು ಬರಿ."

ಕರೀಂ ಬರೆದ. ಬಟ್ಟೆಗೆ ಅಂಟಿಸಿದ ನಾಲ್ಕು ಅಡಿ ಎತ್ತರದ ಕಾಗದ, ಕೆಳಗೊಂದು ಮರದ ದಂಡ. ಮೊದಲ ಚಾರ್ಟನ್ನು ಗೋಡೆಗೆ ತೂಗುಹಾಕಿ ಕೊನೆಯ ಬೆಂಚಿನಲ್ಲಿ ಕೂತು ನೋಡಿದ. ಅರ್ಧದಷ್ಟು ಅಕ್ಷರಗಳು ಕಾಣಲಿಲ್ಲ. ಹರಿದು ಹಾಕಿದ. ಎರಡನೆಯದರಲ್ಲಿ ಗೆರೆ ಕಡಿಮೆ ಮಾಡಿದ, ಅಕ್ಷರ ದಪ್ಪ ಮಾಡಿದ. ನೀರು ಏರುವ ನಾಳಗಳಿಗೆಲ್ಲ ನೀಲಿ, ಅನ್ನರಸ ಇಳಿಯುವ ನಾಳಗಳಿಗೆಲ್ಲ ಕೆಂಪು ಎಂದು ಒಂದು ಲೆಕ್ಕ ಇಟ್ಟುಕೊಂಡು ಎಲ್ಲ ಚಾರ್ಟುಗಳಲ್ಲೂ ಅದನ್ನೇ ನಡೆಸಿದ. ಗಿಡ ಯಾವುದೇ ಇರಲಿ, ಹುಡುಗರಿಗೆ ನೋಡಿದ ಕೂಡಲೇ ತಿಳಿಯುತ್ತಿತ್ತು. ಹೆಗಡೆಯವರ ಪಾಠ ಬಲು ಸರಳ ಎಂಬ ಮಾತು ಕಾಲೇಜಿನಲ್ಲಿ ಹಬ್ಬಿತು. ಬೇರೆ ಕಾಲೇಜಿನವರೂ ಬಂದು ಕೂತು ಕೇಳಿದರು. ಪ್ರತಿ ಚಾರ್ಟಿನ ಕೆಳಮೂಲೆಯಲ್ಲಿ ಕರೀಂ ಒಂದು ಸಣ್ಣ 'ಕ' ಬರೆಯುತ್ತಿದ್ದ. ಹೆಗಡೆಯವರು ಅದಕ್ಕೆ ಏನೂ ಹೇಳಲಿಲ್ಲ.

"ಬಿ.ಎಸ್ಸಿ. ಮುಗಿಸು. ನಮ್ಮ ಪ್ರಯೋಗಶಾಲೆಯಲ್ಲಿ ಡೆಮಾನ್‌ಸ್ಟ್ರೇಟರ್ ಜಾಗ ನಿನ್ನದೇ," ಎಂದಿದ್ದರು.

ರಜೆಯಲ್ಲೂ ಕೆಲಸ ನಿಲ್ಲಲಿಲ್ಲ. ಸಿದ್ದಾಪುರದ ಘಟ್ಟದ ಅಂಚಿನಲ್ಲಿ, ವರ್ಷವಿಡೀ ನೀರು ನಿಲ್ಲುವ ಕಾಡಿನಲ್ಲಿ, ರಾಮಪತ್ರೆಯ ಜಾತಿಯ ಮರಗಳಿವೆ. ಅವುಗಳ ಬೇರು ಉಸಿರಾಡಲಿಕ್ಕೆಂದು ಕೆಸರಿನಿಂದ ಮೇಲೆದ್ದು, ಮೊಣಕಾಲು ಮಡಚಿದಂತೆ ಬಾಗಿ, ಮತ್ತೆ ಕೆಸರಿಗೇ ಇಳಿಯುತ್ತದೆ. ದೀಪಾವಳಿಯ ರಜೆಯಲ್ಲಿ ಕರೀಂ ಅದನ್ನು ಬರೆಯಲು ಹೋದ. ದಾರಿ ತೋರಿಸಿದವನು ಕೆರಿಯ, ಆ ಕಡೆಯ ಕಾಡು ಬಲ್ಲ ಕೂಲಿಯವ. ಮೂರು ದಿನ ಕರೀಂ ಒಂದು ಬಿದ್ದ ಮರದ ಮೇಲೆ ಕೂತು ಬರೆದ. ಕಾಲಿಗೆ ಹತ್ತಿ ರಕ್ತ ಹೀರುತ್ತಿದ್ದ ಉಂಬಳಗಳನ್ನು ಕೆರಿಯ ಸುಣ್ಣ ಮುಟ್ಟಿಸಿ ಕೀಳುತ್ತಿದ್ದ. ಎಡಗಡೆಯ ಮೂರನೆಯ ಬೇರಿಗೆ ಯಾರೋ ಕೊಡಲಿಯಲ್ಲಿ ಕಚ್ಚು ಹಾಕಿದ್ದರು. ಆ ಗಾಯ ಮಾಗಿ ತುಟಿಯಂತೆ ಊದಿಕೊಂಡಿತ್ತು. ಕರೀಂ ಅದನ್ನೂ ಬಿಡದೆ ಬರೆದ.

ಕೊನೆಯ ವರ್ಷ, ಪರೀಕ್ಷೆಗೆ ಒಂದು ತಿಂಗಳಿದ್ದಾಗ, ಹೆಗಡೆಯವರ ಪುಸ್ತಕ ಅಚ್ಚಾಗಿ ಬಂತು. ಯೂನಿವರ್ಸಿಟಿಯ ಪಠ್ಯಕ್ಕೆಂದೇ ಬರೆದದ್ದು. ಕರೀಂ ಗ್ರಂಥಾಲಯದಲ್ಲಿ ನಿಂತೇ ತೆಗೆದು ನೋಡಿದ. ನಲವತ್ತೆರಡು ಚಿತ್ರಗಳು, ಎಲ್ಲವೂ ಅವನವು. ಮೂಲೆಯ 'ಕ' ಒಂದರಲ್ಲೂ ಇರಲಿಲ್ಲ. ಮೊದಲ ಪುಟದಲ್ಲಿ, ಚಿತ್ರಗಳು ಗ್ರಂಥಕರ್ತರು ಸ್ವತಃ ನಿಸರ್ಗದಲ್ಲಿ ನೋಡಿ ಬರೆದವು ಎಂದಿತ್ತು.

ಅಂದು ಸಂಜೆ ಅವನು ಹೆಗಡೆಯವರ ಮನೆಗೆ ಹೋದ. ಅವರು ಅವನು ಬಾಯಿ ತೆರೆಯುವ ಮೊದಲೇ ಹೇಳಿದರು: "ನೋಡಿದೆಯಾ? ಪಠ್ಯದ ಕಮಿಟಿಯವರು ವಿದ್ಯಾರ್ಥಿಯ ಚಿತ್ರ ಒಪ್ಪುವುದಿಲ್ಲ ಮಾರಾಯ. ಪುಸ್ತಕವೇ ಬಿದ್ದುಹೋಗುತ್ತಿತ್ತು. ಮುಂದಿನ ಮುದ್ರಣದ ಮುನ್ನುಡಿಯಲ್ಲಿ ನಿನ್ನ ಹೆಸರು ಹಾಕುತ್ತೇನೆ."

ಕರೀಂ "ಆಗಲಿ ಸರ್" ಎಂದ. ಆ ಎರಡು ಶಬ್ದಗಳಿಗಾಗಿ ಆಮೇಲೆ ಅವನು ತನ್ನನ್ನೇ ಎಷ್ಟು ಸಲ ಬೈದುಕೊಂಡನೋ. ಆ ಹೊತ್ತಿಗೆ ಅವನ ಕಣ್ಣ ಮುಂದಿದ್ದದ್ದು ಡೆಮಾನ್‌ಸ್ಟ್ರೇಟರ್ ಜಾಗ.

ಪ್ರಯೋಗದ ಪರೀಕ್ಷೆಗೆ ಹೊರಗಿನಿಂದ ಒಬ್ಬ ಪರೀಕ್ಷಕರು ಬಂದಿದ್ದರು. ಒಳಗಿನ ಪರೀಕ್ಷಕರು ಹೆಗಡೆಯವರೇ. ಉಸಿರಾಡುವ ಬೇರಿನ ವಿಚಾರ ಚಿತ್ರಸಹಿತ ಬರೆಯಿರಿ ಎಂದು ಒಂದು ಪ್ರಶ್ನೆಯಿತ್ತು. ಕರೀಮನ ಕೈ ತಾನಾಗಿಯೇ ಓಡಿತು. ಮರದ ಬುಡ, ಮಡಚಿದ ಬೇರುಗಳು, ಮೂರನೆಯ ಬೇರಿನ ಗಾಯ. ಹೊರಗಿನ ಪರೀಕ್ಷಕರು ಅವನ ಬೆನ್ನ ಹಿಂದೆ ಬಂದು ನಿಂತರು. ಆಮೇಲೆ ಹೋಗಿ ಹೊಸ ಪುಸ್ತಕ ತಂದು ಪಕ್ಕದಲ್ಲಿ ಬಿಚ್ಚಿಟ್ಟರು. ಗೆರೆಗೆ ಗೆರೆ ಒಂದೇ.

"ಪುಟ ಎಲ್ಲಿ ಇಟ್ಟುಕೊಂಡಿದ್ದೀಯ?" ಎಂದು ಕೇಳಿದರು.

"ಪುಟ ಇಲ್ಲ ಸರ್."

ಜೇಬು ನೋಡಿದರು, ಅಂಗಿಯ ತೋಳು ನೋಡಿದರು. ಏನೂ ಸಿಗಲಿಲ್ಲ. "ಈ ಕೊಡಲಿ ಏಟು ಎಲ್ಲ ಮರಕ್ಕೂ ಇರುತ್ತದೆಯೇ? ಇದು ಈ ಪುಸ್ತಕದ ಮರ. ನೀನು ಇಲ್ಲಿಂದಲೇ ಇಳಿಸಿದ್ದೀಯ," ಎಂದು ಹೇಳಿ, ಕೋಣೆಯ ಆ ತುದಿಯಲ್ಲಿದ್ದ ಹೆಗಡೆಯವರನ್ನು ಕರೆದರು. "ಪ್ರೊಫೆಸರ್, ನಿಮ್ಮ ಚಿತ್ರದ ನಕಲು. ಏನು ಹೇಳುತ್ತೀರಿ?"

ಕರೀಂ ತಲೆ ಎತ್ತಿ ಹೆಗಡೆಯವರನ್ನು ನೋಡಿದ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಚಿತ್ರವನ್ನು ನೋಡಿದರು, ಅವನನ್ನು ನೋಡಲಿಲ್ಲ.

"ಹುಡುಗ ನನ್ನ ಚಾರ್ಟುಗಳನ್ನು ಬಹಳ ಅಭ್ಯಾಸ ಮಾಡಿದ್ದಾನೆ. ನಿಮಗೆ ಹೇಗೆ ಸರಿಯೆನಿಸುತ್ತದೋ ಹಾಗೆ ಮಾಡಿ," ಎಂದರು.

ಜೂನಿನಲ್ಲಿ ಫಲಿತಾಂಶ ಬಂತು. ನಕಲು ಮಾಡಿದ ಕಾರಣಕ್ಕೆ ಅನುತ್ತೀರ್ಣ.

ಶಿರಸಿಯ ಮನೆಯಲ್ಲಿ ತಾಯಿ ಬಿಸ್ಮಿಲ್ಲಾ ಬಿ ಎರಡು ದಿನ ಒಲೆಯ ಮುಂದಿನಿಂದ ಏಳಲಿಲ್ಲ. ಕರೀಂ ತಂದೆಗೆ ಎಲ್ಲವನ್ನೂ ಹೇಳಿದ. ರಜಾಕ್ ಸಾಹೇಬರು ಗಡ್ಡ ನೀವಿಕೊಳ್ಳುತ್ತ ಕೇಳಿದರು.

"ಅಷ್ಟು ದೊಡ್ಡ ಮನುಷ್ಯರು, ನಿನ್ನ ಚಿತ್ರ ಯಾಕೆ ತಗೊಳ್ತಾರೋ?"

"ಅವ್ರಿಗೆ ಬರೆಯೋಕೆ ಬರೂದಿಲ್ಲ ಅಬ್ಬಾ, ಅದಕ್ಕೆ."

"ಹಾಗೆಲ್ಲ ಮಾತಾಡಬೇಡ. ಗುರುಗಳು ಅವರು."

ಕರೀಂ ಮರುದಿನವೇ ಮನ್ಮನೆಗೆ ಹೋದ. ಹೆಗಡೆಯವರು ರಜೆಗೆ ಬಂದಿದ್ದರು. ಜಗಲಿಯ ಕಂಬದ ಹತ್ತಿರ ಅವನನ್ನು ಕೂರಿಸಿದರು. ಅವರ ಹೆಂಡತಿ ಪರಿಮಳಾ ಬೆಲ್ಲ, ನೀರು ತಂದಿಟ್ಟು ಬಾಗಿಲ ಬಳಿ ನಿಂತರು. ಪುಣೆಯ ಮನೆಯಲ್ಲಿ ಎಷ್ಟೋ ಭಾನುವಾರ ಅವನು ಅವರ ನಡುಮನೆಯಲ್ಲಿ ಚಾರ್ಟು ಹಾಸಿಕೊಂಡು ಬರೆದಿದ್ದ. ಅವರೇ ಚಹಾ ಕೊಟ್ಟಿದ್ದರು.

"ಸರ್, ಒಂದು ಪತ್ರ ಬರ್ದುಕೊಡಿ ಸಾಕು. ಆ ಬೇರಿನ ಚಿತ್ರ ನಾನು ಬರ್ದಿದ್ದು ಅಂತ. ಪುಸ್ತಕದಲ್ಲಿ ನಿಮ್ಮ ಹೆಸರೇ ಇರ್ಲಿ."

"ಅದು ಹೇಗಾಗುತ್ತದೆ? ಒಂದು ಚಿತ್ರ ನಿನ್ನದು ಎಂದರೆ ಉಳಿದವು ಯಾರವು ಎಂದು ಕೇಳುತ್ತಾರೆ. ಬರುವ ವರ್ಷ ಪ್ರಿನ್ಸಿಪಾಲರ ಜಾಗ ಖಾಲಿಯಾಗುತ್ತದೆ. ನಿನಗೆ ಇದೆಲ್ಲ ಅರ್ಥವಾಗುವುದಿಲ್ಲ. ಅಕ್ಟೋಬರಿನಲ್ಲಿ ಮತ್ತೆ ಕೂರು, ನಾನು ನೋಡಿಕೊಳ್ಳುತ್ತೇನೆ."

"ನಕಲು ಮಾಡಿದವ ಅಂತ ಬರ್ದಿದ್ದಾರೆ ಸರ್. ನಂದನ್ನೇ ನಾನು ನಕಲು ಮಾಡಿದೆ ಅಂತ."

ಬಾಗಿಲ ಬಳಿಯಿಂದ ಪರಿಮಳಾ ಮೆಲ್ಲಗೆ, ತಮ್ಮ ಮನೆಮಾತಿನಲ್ಲಿ ಹೇಳಿದರು: "ಚಿತ್ರ ಬರ್ದಿದ್ದು ಅಂವ ಅಲ್ದಾ? ಆನೇ ಕಣ್ಣಾರೆ ನೋಡಿದ್ದಿ."

"ನೀ ಒಳಗೆ ಹೋಗು. ನಿಂಗೆ ಎಂತದೂ ಗೊತ್ತಿಲ್ಲೆ," ಎಂದರು ಹೆಗಡೆಯವರು.

ಪರಿಮಳಾ ತಕ್ಷಣ ಹೋಗಲಿಲ್ಲ. ಸ್ವಲ್ಪ ಹೊತ್ತು ನಿಂತು, ಗಂಡನ ಮುಖವನ್ನೇ ನೋಡಿ, ಆಮೇಲೆ ಒಳಗೆ ಹೋದರು. ಕರೀಂ ಎದ್ದುಬಂದ.

ಅವನಿಗೆ ತಿಳಿಯದ ಹಾಗೆ, ಮುಂದಿನ ಶುಕ್ರವಾರ ನಮಾಜು ಮುಗಿಸಿ ರಜಾಕ್ ಸಾಹೇಬರೂ ಮನ್ಮನೆಗೆ ಹೋದರು. ಸಂಜೆ ಹಿಂದಿರುಗಿದಾಗ ಅವರ ಮುಖ ಹಗುರವಾಗಿತ್ತು.

"ಆಯ್ತು. ಹೆಗ್ಡೇರು ಕ್ಷಮಿಸಿದ್ರು," ಎಂದರು.

ಕರೀಮನಿಗೆ ಅರ್ಥವಾಗಲಿಲ್ಲ. "ಯಾರನ್ನ?"

"ನಿನ್ನನ್ನ. ಹುಡುಗ ಬುದ್ಧಿವಂತ, ಒಂದು ತಪ್ಪು ಮಾಡಿದ, ನಾನು ಮನಸ್ಸಿನಲ್ಲಿ ಇಟ್ಟುಕೊಳ್ಳೂದಿಲ್ಲ ಅಂದ್ರು. ನಾನು ಕಾಲು ಹಿಡಿದೆ. ನೀನು ತಪ್ಪಾಯ್ತು ಅಂತ ಒಂದು ಅರ್ಜಿ ಬರ್ದುಕೊಟ್ರೆ ಅಕ್ಟೋಬರಿಗೆ ಕೂರಿಸ್ತಾರಂತೆ."

ತನ್ನ ತಂದೆ ಯಾರ ಕಾಲನ್ನೂ ಹಿಡಿದದ್ದನ್ನು ಕರೀಂ ಕಂಡಿರಲಿಲ್ಲ. ಸರಕಾರದ ದೊಡ್ಡ ಸಾಹೇಬನ ಸಾಮಾನನ್ನೂ ಅವರು ಸರದಿ ಬಿಟ್ಟು ಮೋಟಾರಿಗೆ ಏರಿಸಿದವರಲ್ಲ. ಅವನು ಆ ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆ ಎದ್ದು, "ಅಬ್ಬಾ, ಒಂದು ದಿನ ಮೋಟಾರು ಬೇರೆಯವರ ಕೈಗೆ ಕೊಡಿ, ನನ್ನ ಜೊತೆ ಬನ್ನಿ," ಎಂದ.

ಸಿದ್ದಾಪುರದವರೆಗೆ ಬೇರೆಯವರ ಗಾಡಿಯಲ್ಲಿ, ಅಲ್ಲಿಂದ ಎತ್ತಿನ ಗಾಡಿಯಲ್ಲಿ, ಆಮೇಲೆ ನಡೆದು, ಇಬ್ಬರೂ ಕೆರಿಯನ ಗುಡಿಸಲಿಗೆ ಮುಟ್ಟಿದರು. ಕೆರಿಯ ಬುಟ್ಟಿ ಹೆಣೆಯುತ್ತಿದ್ದ. ಕರೀಮನನ್ನು ನೋಡಿ ನಕ್ಕ.

"ಮತ್ತೆ ಬೇರು ನೋಡೂಕೆ ಬಂದ್ರಾ? ಈ ಮಳಿಯಾಗೆ ಒಳಗೆ ಕಾಲಿಡೂಕೆ ಆಗೂದಿಲ್ಲ." ಆಮೇಲೆ ರಜಾಕ್ ಸಾಹೇಬರ ಕಡೆ ತಿರುಗಿ, "ನಿಮ್ಮ ಮಗನಾ ಸಾಬ್ರೇ? ಮೂರು ದಿನ ಕೆಸರಾಗೆ ಕೂತಿದ್ರು. ಕಾಲು ತುಂಬ ಉಂಬಳ, ಅವ್ರಿಗೆ ಗೊತ್ತೇ ಇಲ್ಲ. ಕಾಗ್ದದ ಮೇಲೆ ನೋಡ್ತೆ, ಅದೇ ಬೇರು. ಕೊಡಲಿ ಕಚ್ಚು ಸೈತ ಬಿಡಲಿಲ್ಲ. ಆ ಕಚ್ಚು ಹಾಕಿದ್ದು ನಾನೇಯ," ಎಂದ.

"ಹೆಗ್ಡೇರು ಬಂದಿದ್ರಾ, ಆಗ?" ಎಂದು ರಜಾಕ್ ಸಾಹೇಬರು ಕೇಳಿದರು.

"ಯಾವ ಹೆಗ್ಡೇರು? ಇಲ್ಲಿಗೆ ಯಾರು ಬರ್ತಾರೆ."

ರಜಾಕ್ ಸಾಹೇಬರು ಕೆರಿಯನ ಜಗಲಿಯ ಮೇಲೆ ಕೂತರು. ತಮ್ಮ ಎರಡೂ ಅಂಗೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಬಹಳ ಹೊತ್ತು ಮಳೆ ನೋಡಿದರು. ಹಿಂದಿರುಗುವ ದಾರಿಯಲ್ಲಿ, ಮಗ ನಿಜ ಹೇಳಿದ್ದ ಎಂಬ ಸಮಾಧಾನವನ್ನು ಕರೀಂ ಆ ಮುಖದಲ್ಲಿ ಹುಡುಕಿದ. ಅಲ್ಲಿ ಇದ್ದದ್ದು, ತಾನು ಯಾರ ಕಾಲು ಹಿಡಿದೆ ಎಂಬ ಅರಿವೊಂದೇ. ಇವರನ್ನು ಅಲ್ಲಿಗೆ ಕರೆತರಬಾರದಿತ್ತು ಎಂದು ಅವನಿಗೆ ಮೊದಲ ಬಾರಿಗೆ ಅನಿಸಿತು.

ಮನೆಯ ಮೆಟ್ಟಿಲು ಹತ್ತುವಾಗ ರಜಾಕ್ ಸಾಹೇಬರು ಹೇಳಿದರು: "ಆದ್ರೂ ಅರ್ಜಿ ಬರಿ. ನಾನು ಹೋಗಿ ಕೇಳಿ ಆಗಿದೆ. ಅದೂ ದಂಡ ಆಗೂದು ಬೇಡ."

ಕರೀಂ ಬರೆದ. ನಾನು ಪ್ರೊಫೆಸರರ ಚಿತ್ರವನ್ನು ನಕಲು ಮಾಡಿದ್ದು ತಪ್ಪು, ಇನ್ನು ಮುಂದೆ ಹಾಗೆ ಮಾಡುವುದಿಲ್ಲ. ಕೆಳಗೆ ಪೂರ್ತಿ ಹೆಸರು ಬರೆದು ರುಜು ಹಾಕಿದ.

ಅಕ್ಟೋಬರಿನಲ್ಲಿ ಅದೇ ಕೋಣೆ, ಅದೇ ಹೊರಗಿನ ಪರೀಕ್ಷಕರು. ಈ ಸಲ ಕಾಂಡದ ಅಡ್ಡಸೀಳಿಕೆ ಬರೆಯಲು ಕೊಟ್ಟಿದ್ದರು. ಕರೀಂ ಪೆನ್ಸಿಲ್ ಹಿಡಿದ. ತನಗೆ ಗೊತ್ತಿದ್ದ ಹಾಗೆ ಬರೆದರೆ ಅದು ಪುಸ್ತಕದ ಹದಿನಾರನೆಯ ಚಿತ್ರವಾಗುತ್ತದೆ ಎಂದು ಅವನಿಗೆ ತಿಳಿದಿತ್ತು. ವೃತ್ತವನ್ನು ಸೊಟ್ಟ ಮಾಡಿದ. ನಾಳಗಳನ್ನು ಒಂದಕ್ಕೊಂದು ತಾಗಿಸಿದ. ಗೆರೆಯ ಮೇಲೆ ಗೆರೆ ಎಳೆದು, ರಬ್ಬರಿನಿಂದ ಉಜ್ಜಿ, ಕಾಗದ ಕೊಳೆ ಮಾಡಿದ. ಅವನ ಕೈ ಮತ್ತೆ ಮತ್ತೆ ಸರಿಯಾದ ಗೆರೆಗೆ ಹೋಗುತ್ತಿತ್ತು. ಅದನ್ನು ಎಳೆದು ತಂದು ತಪ್ಪು ಬರೆಯಿಸಬೇಕಾಯಿತು. ಅವನು ಆ ಕೈಯಿಂದ ಮಾಡಿದ ಅತಿ ಕಷ್ಟದ ಕೆಲಸ ಅದು.

ಪರೀಕ್ಷಕರು ಬಂದು ಬಾಗಿ ನೋಡಿದರು. ಅವರಿಗೆ ನಿಜಕ್ಕೂ ಸಂತೋಷವಾಗಿತ್ತು.

"ಇದು ನಿನ್ನ ಸ್ವಂತ ಕೆಲಸ," ಎಂದು ಅವನ ಭುಜ ತಟ್ಟಿದರು. "ಚೆನ್ನಾಗಿಲ್ಲ, ಆದರೆ ಪ್ರಾಮಾಣಿಕವಾಗಿದೆ."

ಮೂರನೆಯ ದರ್ಜೆಯಲ್ಲಿ ಪಾಸಾದ. ಡೆಮಾನ್‌ಸ್ಟ್ರೇಟರ್ ಜಾಗಕ್ಕೆ ಎರಡನೆಯ ದರ್ಜೆಗಿಂತ ಕಡಿಮೆಯವರು ಅರ್ಜಿ ಹಾಕುವಂತಿರಲಿಲ್ಲ. ಕರೀಂ ಊರಿಗೆ ಬಂದು, ಯಲ್ಲಾಪುರದ ಒಬ್ಬ ಮರದ ಕಂತ್ರಾಟುದಾರರ ಹತ್ತಿರ ಗುಮಾಸ್ತನಾಗಿ ಸೇರಿದ. ಕಿರವತ್ತಿಯ ಡಿಪೋದಲ್ಲಿ ದಿಮ್ಮಿಗಳಿಗೆ ನಂಬರು ಹಾಕಿಸುವುದು ಅವನ ಕೆಲಸ. ರಜಾಕ್ ಸಾಹೇಬರ ಮೋಟಾರಿನಲ್ಲಿ ಹೆಗಡೆಯವರು ಆಮೇಲೂ ಒಮ್ಮೆ ಬಂದರು. ಸಾಹೇಬರು ಪಕ್ಕದ ಸೀಟಿನಲ್ಲಿ ಒಂದು ಅಕ್ಕಿ ಮೂಟೆ ಇಟ್ಟಿದ್ದರು. ಹೆಗಡೆಯವರು ಹಿಂದೆ ಕೂತರು.

೧೯೩೮ರ ಚಳಿಗಾಲದಲ್ಲಿ ಕರೀಮನಿಗೆ ಪುಣೆಯಿಂದ ಪತ್ರ ಬಂತು. ಹೆಗಡೆಯವರು ಪ್ರಿನ್ಸಿಪಾಲರಾಗಿದ್ದರು. ಪುಸ್ತಕದ ಎರಡನೆಯ ಭಾಗ ಸಿದ್ಧವಾಗುತ್ತಿದೆ, ಮೂವತ್ತು ಚಿತ್ರಗಳು ಬೇಕು, ಹಳೆಯದನ್ನೆಲ್ಲ ಮರೆತುಬಿಡು, ಈ ಸಲ ಮುನ್ನುಡಿಯಲ್ಲಿ ನಿನ್ನ ಉಪಕಾರ ಖಂಡಿತ ನೆನೆಯುತ್ತೇನೆ ಎಂದು ಬರೆದಿದ್ದರು. ಪರಿಮಳಾ ನಿನ್ನನ್ನು ಆಗಾಗ ಕೇಳುತ್ತಾಳೆ ಎಂದೂ ಇತ್ತು.

ಕರೀಂ ಡಿಪೋದ ಮೇಜಿನ ಮೇಲೇ ಒಂದು ಕಾರ್ಡು ಬರೆದ. "ನನಗೆ ಚಿತ್ರ ಬರೆಯಲು ಬರುವುದಿಲ್ಲ. ಬೇಕಾದರೆ ಯೂನಿವರ್ಸಿಟಿಯ ದಾಖಲೆ ನೋಡಬಹುದು." ಅಂಚೆಗೆ ಹಾಕಿ ಬಂದು ಮತ್ತೆ ದಿಮ್ಮಿಗಳ ಕಡೆ ಹೋದ.

ಬೇಸಿಗೆಯಲ್ಲಿ ಪುಣೆಯಿಂದ ಬಂದ ಒಬ್ಬ ಹಳೆಯ ಸಹಪಾಠಿ ಹೇಳಿದ: ಹೆಗಡೆಯವರಿಗೆ ಕುಮಟೆಯ ಕಡೆಯ ಒಬ್ಬ ಹುಡುಗ ಸಿಕ್ಕಿದ್ದಾನೆ, ಮೊದಲ ವರ್ಷದವನು, ಕೈ ಬಹಳ ಚೆನ್ನಾಗಿದೆ, ಪ್ರಯೋಗಶಾಲೆಯ ಹಿಂದಿನ ಕೋಣೆಯಲ್ಲಿ ಹಗಲೂ ರಾತ್ರಿ ಕೂತು ಬರೆಯುತ್ತಾನೆ.