ಅವಳ ಲ್ಯಾಪ್‌ಟಾಪಿನಲ್ಲಿ ಪಾಠ ಹುಟ್ಟಿದ ದಿನ

ಉಗಾಂಡಾದ ಮಸಾಕಾ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನೂ ನನ್ನ ಗೆಳತಿ ನನ್ಸಿಕೊಂಬಿಯೂ ಕಂಪ್ಯೂಟರ್ ಕಲಿಸುತ್ತೇವೆ. ಮಗಳು ಹುಟ್ಟಿದ ಮೇಲೆ ಇಲ್ಲಿ ಎಲ್ಲರೂ ನನ್ನನ್ನು ಮಾಮಾ ಕಿಸಾ, ಅಂದರೆ ಕಿಸಾಳ ಅಮ್ಮ, ಎನ್ನುತ್ತಾರೆ. ಕಿಸಾ ಮಲಗಿದಾಗ, ಒಲೆಯ ಮೇಲೆ ಕಾಳು ಬೇಯುವಾಗ, ನಾನು ಲುಗಾಂಡಾ ಭಾಷೆಯಲ್ಲಿ ಕಂಪ್ಯೂಟರ್ ಪಾಠಗಳನ್ನು ಬರೆದೆ. ಚೆನ್ನಾಗಿ ಬರೆದವರನ್ನು ಸುತ್ತಲಿನ ಶಾಲೆಗಳಿಗೆ ತರಬೇತಿ ಕೊಡಲು ಕಳಿಸುವುದಾಗಿ ನಮ್ಮ ಮುಖ್ಯೋಪಾಧ್ಯಾಯ ಕಯೀರಾ ಹೇಳಿದ್ದರು. ನಾನು ಒಪ್ಪಿಸಲು ಹೋದಾಗ ಅದೇ ಪಾಠಗಳು ಆಗಲೇ ಅವರ ಮೇಜಿನ ಮೇಲಿದ್ದವು. ಮೇಲೆ ನನ್ಸಿಕೊಂಬಿಯ ಹೆಸರು.

ಎಲ್ಲೋ ಏನೋ ಅದಲುಬದಲಾಗಿದೆ, ಅವಳೇ ಬಂದು ಬಿಡಿಸಿ ಹೇಳುತ್ತಾಳೆ ಅಂದುಕೊಂಡೆ. ಕಯೀರಾ ಅವಳನ್ನು ಕರೆಸಿದರು. ಅವಳು ನನ್ನ ಕಡೆ ನೋಡದೆ ತನ್ನ ಲ್ಯಾಪ್‌ಟಾಪ್ ತೆರೆದು, ಪಾಠದ ಫೈಲಿನ ಪಕ್ಕದಲ್ಲಿದ್ದ ತಾರೀಖನ್ನು ಬೆರಳಿಟ್ಟು ತೋರಿಸಿದಳು.

"ನೋಡಿ ಸರ್, ಮೇ ತಿಂಗಳದ್ದು. ಮಾಮಾ ಕಿಸಾ ನನ್ನ ಪಕ್ಕ ಕೂತು ನೋಡ್ತಿದ್ಲು, ಈಗ ತನ್ನದೇ ಅಂತಾಳೆ. ಮಗು ಆದ್ಮೇಲೆ ಅವಳಿಗೆ ಮರೆವು ಜಾಸ್ತಿ, ಪಾಪ."

ಆ ಪಾಪ ಅನ್ನುವ ಮಾತು ಕೇಳಿದ ಮೇಲೆಯೇ ನಾನು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿಕೊಂಡದ್ದು. ಆಜ್ಞೆ ಬರೆಯುವ ಕಪ್ಪು ಕಿಟಕಿ ತೆರೆದು, ಫೈಲಿನ ತಾರೀಖುಗಳನ್ನೆಲ್ಲ ತೋರಿಸುವ 'ಸ್ಟ್ಯಾಟ್' ಎಂಬುದನ್ನು ಬರೆದು, ಮುಂದೆ ಫೈಲಿನ ಹೆಸರು ಕೊಟ್ಟೆ. ಸಾಲುಗಳು ಬಂದವು. ಕೊನೆಯ ಸಲ ತಿದ್ದಿದ್ದು ಮೇ ತಿಂಗಳಲ್ಲಿ. ಫೈಲು ಹುಟ್ಟಿದ್ದು ಆಗಸ್ಟಿನಲ್ಲಿ.

ಕಯೀರಾ ಕನ್ನಡಕ ಏರಿಸಿಕೊಂಡರು. "ಇದೇನಮ್ಮಾ, ಹುಟ್ಟೋಕೆ ಮುಂಚೇನೇ ಕೂಸು ಓಡಾಡಿಬಿಡ್ತಾ?"

ಬೇರೆ ಕಡೆಯಿಂದ ನಕಲು ಮಾಡಿದರೆ ಹಾಗಾಗುತ್ತದೆ ಎಂದೆ. ತಿದ್ದಿದ ತಾರೀಖು ಹಳೆಯ ಜಾಗದಿಂದ ಜೊತೆಗೇ ಬರುತ್ತದೆ. ಹುಟ್ಟಿದ ತಾರೀಖು ಮಾತ್ರ ಫೈಲು ಈ ಲ್ಯಾಪ್‌ಟಾಪಿಗೆ ಬಂದ ದಿನದ್ದು. ಹೇಳುತ್ತಿದ್ದಂತೆ ಆ ದಿನ ಯಾವುದೆಂದು ನನಗೆ ಹೊಳೆಯಿತು.

ಅದು ಆಗಸ್ಟಿನ ಒಂದು ಶನಿವಾರ, ನನ್ಸಿಕೊಂಬಿಯ ತಂಗಿಯ ಕ್ವಾಂಜುಲಾ. ಗಂಡಿನ ಕಡೆಯವರು ಉಡುಗೊರೆ ಹೊತ್ತು ಬರುವ ದಿನ. ಕಿಸಾಳನ್ನು ಬೆನ್ನಿಗೆ ಕಟ್ಟಿಕೊಂಡು ಹಿತ್ತಿಲಲ್ಲಿ ಮಟೋಕೆ ಬಾಳೆಕಾಯಿ ಸುಲಿದು, ಬಾಳೆಲೆಯಲ್ಲಿ ಸುತ್ತಿ, ಆ ಮನೆಯ ನೆಂಟರಿಗೆಲ್ಲ ಬೇಯಿಸಿದವಳು ನಾನು. ಹೊಗೆ ಹಿಡಿಯುತ್ತದೆ, ಒಳಗಿಡುತ್ತೇನೆ ಎಂದು ನನ್ನ ಹೆಗಲಿನಿಂದ ಬ್ಯಾಗು ಬಿಡಿಸಿಕೊಂಡು ಹೋದವಳು ಅವಳು. ಅದರಲ್ಲೇ ನನ್ನ ಲ್ಯಾಪ್‌ಟಾಪ್ ಇತ್ತು. ಎಷ್ಟು ಕಾಳಜಿ ಇವಳಿಗೆ ಎಂದು ಅವತ್ತು ನನ್ನ ಮನಸ್ಸು ತುಂಬಿಬಂದಿತ್ತು.

ಕಯೀರಾ ಆ ಪಾಠಗಳ ಮೇಲಿನ ಹೆಸರು ಹೊಡೆದು ನನ್ನದನ್ನು ಬರೆದರು. ಇದನ್ನೆಲ್ಲ ಯಾರು ಹೇಳಿಕೊಟ್ಟರು ಎಂದು ಕೇಳಿದರು. ಕೊನೆಯ ಪಾಠದಲ್ಲಿ ಇದನ್ನೇ ಬರೆದಿದ್ದೇನೆ ಎಂದೆ.

ಗೇಟಿನ ಹತ್ತಿರ ನನ್ಸಿಕೊಂಬಿ ಹಿಂದೆಯೇ ಬಂದಳು. ಅಳುತ್ತಾಳೇನೋ, ಒಂದು ಮಾತು ಕ್ಷಮೆ ಕೇಳಿದರೂ ಸಾಕು ಅಂದುಕೊಂಡು ನಿಂತೆ.

"ಕೊನೇತನಕ ಓದಿರ್ಲಿಲ್ಲ ಕಣೇ," ಎಂದಳು.

ಅವಳು ಬೇಸರಪಟ್ಟದ್ದು ಅದೊಂದಕ್ಕೇ. ನಾನು ಒಬ್ಬಳೇ ಬಾಡಿಗೆಯ ಬೋಡಾ ಬೈಕು ಹತ್ತಿದೆ.